ಡಿಸ್ಕ್ ತಿನ್ನುವ ಪ್ಯಾಡ್ ಎಂಬ ಗಾಳಿಮಾತು

ದೂರದ ಸವಾರಿಗೆ ಹೊರಡುವ ಮುಂಚೆ ಬ್ರೇಕ್ ಪ್ಯಾಡ್ ಬದಲಿಸೋಣ ಎಂದು ಶಿವಮೊಗ್ಗದ ಬಿಡಿಭಾಗದ ಅಂಗಡಿಗೆ ಹೋದರೆ ಒಂದು ಎಚ್ಚರಿಕೆ ತಪ್ಪದೆ ಸಿಗುತ್ತದೆ: ‘ಸಿಂಟರ್ಡ್ ಬೇಡ ಸಾರ್, ಡಿಸ್ಕ್ ತಿಂದುಹಾಕುತ್ತೆ.’ ಕೌಂಟರಿನಲ್ಲಿರುವವರು ಹೇಳುತ್ತಾರೆ, ಸ್ಪ್ಯಾನರ್ ಹಿಡಿದ ಹುಡುಗ ಹೇಳುತ್ತಾನೆ, ಇನ್ಯಾವುದೋ ಕೆಲಸಕ್ಕೆ ಬಂದು ನಿಂತ ಗಿರಾಕಿಯೂ ಹೌದು ಹೌದು ಎನ್ನುತ್ತಾನೆ. ಯಾವ ಡಿಸ್ಕ್, ಎಷ್ಟು ಕಿಲೋಮೀಟರಿಗೆ ಎಷ್ಟು ಸವೆಯಿತು, ಅಳೆದು ನೋಡಿದ್ದೀರಾ ಎಂದು ಕೇಳಿದರೆ ಯಾರ ಬಳಿಯೂ ಉತ್ತರವಿಲ್ಲ. ಹೆಂಡತಿಯನ್ನೋ ಗೆಳೆಯನನ್ನೋ ಹಿಂದೆ ಕೂರಿಸಿಕೊಂಡು, ಎರಡೂ ಬದಿಗೆ ಬ್ಯಾಗು ಕಟ್ಟಿಕೊಂಡು ಆಗುಂಬೆ ಘಾಟಿಯ ಹದಿನಾಲ್ಕು ಹಿಮ್ಮುರಿ ತಿರುವು ಇಳಿಯುವವರು ಇಂಥ ಅಳತೆಯಿಲ್ಲದ ಮಾತನ್ನು ನಂಬಿ ಪ್ಯಾಡ್ ಆರಿಸುತ್ತಾರಲ್ಲ, ಅದು ನನಗೆ ಸಹಿಸಲಾಗದ ಸಂಗತಿ.

ಮಾತಿನಲ್ಲಿ ಕಾಳಷ್ಟು ನಿಜವಿದೆ, ಒಪ್ಪುತ್ತೇನೆ. ಸಿಂಟರ್ಡ್ ಪ್ಯಾಡು ಡಿಸ್ಕನ್ನು ಆರ್ಗ್ಯಾನಿಕ್ ಪ್ಯಾಡಿಗಿಂತ ಸ್ವಲ್ಪ ಹೆಚ್ಚು ಸವೆಸುತ್ತದೆ. ಆದರೆ ‘ಲೋಹಕ್ಕೆ ಲೋಹ ಉಜ್ಜಿದರೆ ಡಿಸ್ಕ್ ಮುಗಿದಂತೆ’ ಎನ್ನುವ ತರ್ಕ ಪೂರ್ತಿ ತಪ್ಪು. ಸಿಂಟರ್ಡ್ ಪ್ಯಾಡಿನ ಬಹುಭಾಗ ತಾಮ್ರ ಆಧಾರದ ಪುಡಿ. ಅದಕ್ಕೆ ಗ್ರಾಫೈಟು ಮೊದಲಾದವನ್ನು ಬೆರೆಸಿ, ಒತ್ತಿ, ಕರಗುವ ಬಿಸಿಗಿಂತ ಕೆಳಗೇ ಕಾಯಿಸಿ ಒಂದಾಗಿಸುತ್ತಾರೆ. ಬೈಕಿನ ಡಿಸ್ಕು ಹದ ಕೊಟ್ಟ ಸ್ಟೇನ್‌ಲೆಸ್ ಉಕ್ಕು; ಅದರೆದುರು ತಾಮ್ರ ಮೆದು. ಪ್ಯಾಡಿನಲ್ಲಿ ಉಜ್ಜುವ ಗಟ್ಟಿ ಕಣಗಳೂ ಇರುತ್ತವೆ, ನಿಜ. ರಾಳದಲ್ಲಿ ನಾರು ಬೆರೆಸಿ ಕಟ್ಟಿದ ಆರ್ಗ್ಯಾನಿಕ್ ಪ್ಯಾಡಿನಲ್ಲೂ ಅವು ಇರುತ್ತವೆ. 1923ರಿಂದ ಕಬ್ಬಿಣ ಕರಗಿಸಿ, ಮುಂದೆ ಮಿಶ್ರಲೋಹದ ಉಕ್ಕಿಗೆ ಹೆಸರಾದ ಭದ್ರಾವತಿಯಲ್ಲಿ ಉಕ್ಕಿಗೂ ಉಕ್ಕಿಗೂ ಇರುವ ವ್ಯತ್ಯಾಸವನ್ನು ಕೈಯಲ್ಲಿ ಹಿಡಿದೇ ಹೇಳಬಲ್ಲ ಹಿರಿಯ ಕಾರ್ಮಿಕರು ಮನೆಮನೆಯಲ್ಲಿದ್ದಾರೆ. ಆ ಊರಿನಲ್ಲೂ ಈ ಮಾತು ಓಡುತ್ತದೆ ಎಂದರೆ ಏನು ಹೇಳುವುದು!

ಇತಿಹಾಸವೂ ಈ ನಂಬಿಕೆಗೆ ಎದುರಾಗಿ ನಿಲ್ಲುತ್ತದೆ. 1970ರ ದಶಕದ ಜಪಾನಿ ಬೈಕುಗಳು ತುಕ್ಕು ಹಿಡಿಯದ ಸ್ಟೇನ್‌ಲೆಸ್ ಡಿಸ್ಕಿನೊಂದಿಗೆ ಬಂದವು. ಬಿಸಿಲಿನಲ್ಲಿ ತಕರಾರಿಲ್ಲ, ಮಳೆಯಲ್ಲಿ ಲಿವರ್ ಒತ್ತಿದ ಮೇಲೆ ಎದೆ ಡವಗುಟ್ಟುವಷ್ಟು ಹೊತ್ತು ಬ್ರೇಕು ಹಿಡಿಯುತ್ತಲೇ ಇರಲಿಲ್ಲ. ಡಿಸ್ಕಿನ ಮೇಲಿನ ನೀರಿನ ಪೊರೆಯನ್ನು ಆಗಿನ ಆರ್ಗ್ಯಾನಿಕ್ ಪ್ಯಾಡುಗಳಿಗೆ ಬೇಗ ಒರೆಸಿಹಾಕಲು ಆಗುತ್ತಿರಲಿಲ್ಲ. 80ರ ದಶಕದ ಆರಂಭದಲ್ಲಿ ಬೈಕಿಗೆ ಸಿಂಟರ್ಡ್ ಪ್ಯಾಡು ಬಂದದ್ದೇ ಮುಖ್ಯವಾಗಿ ಈ ಮಳೆಯ ಸಮಸ್ಯೆಗೆ. ಈಗ ಜಪಾನಿನ ದೊಡ್ಡ ಬೈಕುಗಳಲ್ಲಿ ಬಹುಪಾಲು ಕಾರ್ಖಾನೆಯಿಂದಲೇ ಸಿಂಟರ್ಡ್ ಹಾಕಿಸಿಕೊಂಡು ಬರುತ್ತವೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಜಿಲ್ಲೆಯಲ್ಲಿ ಕೂತು, ಮಳೆಗೆಂದೇ ಬಂದ ಪ್ಯಾಡನ್ನು ಬೇಡ ಎನ್ನುವುದು ಯಾವ ನ್ಯಾಯ?

ಇನ್ನು ಡಿಸ್ಕ್ ಸವೆತವನ್ನು ಮಹಾಪರಾಧದಂತೆ ನೋಡುವುದು. ಡಿಸ್ಕು ಸವೆಯಲೆಂದೇ ಇರುವ ಭಾಗ. ನಿಮ್ಮ ಬೈಕಿನ ಮುಂದೆ ಕೂತು ಡಿಸ್ಕಿನ ಒಳಬಳೆಯ ಮಸಿ ಒರೆಸಿ ನೋಡಿ. ಕನಿಷ್ಠ ದಪ್ಪ ಎಷ್ಟು ಮಿಲಿಮೀಟರ್ ಇರಬೇಕು ಎಂದು ಅಲ್ಲೇ ಕೊರೆದಿರುತ್ತಾರೆ. ಅದಕ್ಕಿಂತ ತೆಳುವಾದರೆ ಬದಲಿಸಿ, ಅಲ್ಲಿಯವರೆಗೆ ಚಿಂತೆ ಬಿಡಿ ಎಂದು ತಯಾರಕರೇ ಹೇಳಿದ್ದಾಗಿದೆ. ಅಳೆಯುವುದೂ ಕಷ್ಟವಲ್ಲ. ಆದರೆ ವರ್ನಿಯರ್ ಅಡ್ಡ ಹಿಡಿದು ಅಳೆಯಬೇಡಿ: ಡಿಸ್ಕಿನ ಹೊರ ಅಂಚಿನಲ್ಲಿ ಪ್ಯಾಡು ಮುಟ್ಟದೆ ಸವೆಯದ ಏಣೊಂದು ಉಳಿದಿರುತ್ತದೆ, ವರ್ನಿಯರಿನ ದವಡೆ ಅದರ ಮೇಲೆ ಕೂತರೆ ಸುಳ್ಳು ಅಳತೆ ಬರುತ್ತದೆ. ಮೈಕ್ರೋಮೀಟರಿನಿಂದ, ಪ್ಯಾಡು ಉಜ್ಜುವ ಪಟ್ಟಿಯ ಮೇಲೇ ನಾಲ್ಕಾರು ಕಡೆ ಅಳೆಯಬೇಕು. ಭದ್ರಾವತಿಯ ಲೇತ್ ಅಂಗಡಿಗಳಲ್ಲಿ ಇದು ಎರಡು ನಿಮಿಷದ ಕೆಲಸ.

ಬಿಚ್ಚಿಟ್ಟ ‘ತಿಂದ’ ಡಿಸ್ಕುಗಳನ್ನು ಕೈಗೆತ್ತಿಕೊಂಡು ನೋಡಿದಾಗ ನನಗೆ ಕಂಡ ಕಾರಣಗಳೇ ಬೇರೆ. ಒಂದರಲ್ಲಿ ಪ್ಯಾಡಿನ ಮಸಾಲೆ ಪೂರ್ತಿ ಮುಗಿದು ಬೆನ್ನಿನ ಉಕ್ಕಿನ ತಗಡೇ ಡಿಸ್ಕಿಗೆ ಉಜ್ಜಿತ್ತು. ಡಿಸ್ಕಿನ ಮೇಲೆ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರು. ಇನ್ನೊಂದರಲ್ಲಿ ಕ್ಯಾಲಿಪರಿನ ಜಾರುಪಿನ್ನು ಕೆಸರು ತುಂಬಿ ಹಿಡಿದುಕೊಂಡಿತ್ತು, ಬ್ರೇಕು ಬಿಟ್ಟ ಮೇಲೂ ಪ್ಯಾಡು ಡಿಸ್ಕನ್ನು ಸವರುತ್ತಲೇ ಇತ್ತು. ಮಲೆನಾಡಿನ ಕೆಂಪು ಮಣ್ಣಿನ ರಾಡಿ ಪ್ಯಾಡಿಗೂ ಡಿಸ್ಕಿಗೂ ನಡುವೆ ಸೇರಿದರೆ ಯಾವ ಪ್ಯಾಡಾದರೂ ಉಪ್ಪುಕಾಗದವೇ. ಇದ್ಯಾವುದನ್ನೂ ನೋಡದೆ ಸಿಂಟರ್ಡ್ ಮೇಲೆ ಗೂಬೆ ಕೂರಿಸುವುದು ಸುಲಭ; ಪಿನ್ನು ಬಿಚ್ಚಿ ತೊಳೆದು ಗ್ರೀಸ್ ಹಚ್ಚುವ ಶ್ರಮ ಉಳಿಯುತ್ತದಲ್ಲ.

ಹಾಗಾದರೆ ಎಲ್ಲರೂ ಸಿಂಟರ್ಡೇ ಹಾಕಿಸಬೇಕೇ? ಇಲ್ಲ. ದಿನಾ ಬಿ.ಎಚ್. ರಸ್ತೆಯಲ್ಲಿ ಭದ್ರಾವತಿಗೆ ಹೋಗಿ ಬರುವ ಒಂಟಿ ಸವಾರನಿಗೆ ಒಳ್ಳೆಯ ಆರ್ಗ್ಯಾನಿಕ್ ಧಾರಾಳ ಸಾಕು; ಸದ್ದು ಕಡಿಮೆ, ತಣ್ಣಗಿದ್ದಾಗಲೂ ಮೃದುವಾಗಿ ಹಿಡಿಯುತ್ತದೆ. ಹಳೆಯ ಬೈಕಿನ ಎರಕದ ಕಬ್ಬಿಣದ ಡಿಸ್ಕಿಗೆ ಸಿಂಟರ್ಡ್ ಹಾಕಬಾರದು. ಮೊದಲು ಬೈಕಿನ ಕೈಪಿಡಿ ತೆರೆಯಿರಿ, ಆಮೇಲೆ ನಿಮ್ಮ ಭಾರ ಮತ್ತು ದಾರಿ ಲೆಕ್ಕ ಹಾಕಿ. ಬೈಕು 200 ಕಿಲೋ, ಇಬ್ಬರು ಸೇರಿ 140, ಸಾಮಾನು 30 ಎಂದಿಟ್ಟುಕೊಳ್ಳಿ. 500 ಮೀಟರ್ ಇಳಿಯುವಷ್ಟರಲ್ಲಿ ಅದು ಬಿಟ್ಟುಕೊಡುವ ಶಕ್ತಿ ಸುಮಾರು 18 ಲಕ್ಷ ಜೂಲ್. ಐದು ಲೀಟರಿಗೂ ಹೆಚ್ಚು ನೀರನ್ನು ಕುದಿಬರಿಸಲು ಸಾಕು. ಇಂಜಿನ್ನು ಹೀರಿಕೊಂಡದ್ದು ಬಿಟ್ಟರೆ ಮಿಕ್ಕದ್ದರಲ್ಲಿ ಹೆಚ್ಚಿನ ಪಾಲು ಆ ಚಿಕ್ಕ ಪ್ಯಾಡು-ಡಿಸ್ಕಿನ ಮೇಲೆ. ಅಗ್ಗದ ಆರ್ಗ್ಯಾನಿಕ್ ಪ್ಯಾಡು ಅತಿಯಾಗಿ ಕಾದಾಗ ಅದರ ರಾಳ ಅನಿಲ ಬಿಡುತ್ತದೆ, ಮೈ ಗಾಜಿನಂತೆ ನುಣುಪಾಗುತ್ತದೆ, ಹಿಡಿತ ಹೋಗುತ್ತದೆ.

ಕೆಲವು ಪ್ಯಾಡುಗಳ ಬೆನ್ನ ತಗಡಿನ ಮೇಲೆ ಜಿಜಿ, ಎಚ್‌ಎಚ್ ಎಂದು ಎರಡು ಅಕ್ಷರ ಇರುತ್ತವೆ. ಮೊದಲನೆಯದು ಸಾಧಾರಣ ಬಿಸಿಯಲ್ಲಿನ ಘರ್ಷಣೆ, ಎರಡನೆಯದು ಹೆಚ್ಚು ಕಾದಾಗಿನದು. ಜಿ ಎಂದರೆ ಘರ್ಷಣಾಂಕ 0.45ರಿಂದ 0.55, ಎಚ್ ಎಂದರೆ 0.55ಕ್ಕಿಂತ ಮೇಲೆ. ಪ್ಯಾಡು ಎಷ್ಟು ಗಟ್ಟಿ, ಎಷ್ಟು ಬಾಳಿಕೆ, ಡಿಸ್ಕನ್ನು ಎಷ್ಟು ಸವೆಸುತ್ತದೆ ಎನ್ನುವುದನ್ನು ಈ ಅಕ್ಷರಗಳು ಹೇಳುವುದೇ ಇಲ್ಲ. ‘ಎಚ್‌ಎಚ್ ಅಂದ್ರೆ ಕಲ್ಲು’ ಎನ್ನುವವರು ತಗಡು ತಿರುಗಿಸಿ ನೋಡಿದ್ದಾರೆ, ಓದಿ ತಿಳಿದುಕೊಂಡಿಲ್ಲ.

ಪ್ಯಾಡಿನ ತಪ್ಪೇ ಅಲ್ಲದ್ದಕ್ಕೆ ಪ್ಯಾಡು ಬದಲಿಸುವವರೂ ಇದ್ದಾರೆ. ಲಿವರ್ ಗಟ್ಟಿಯಾಗಿಯೇ ಇದ್ದು ಬೈಕು ನಿಲ್ಲದಿದ್ದರೆ ಪ್ಯಾಡು ಕಾದಿದೆ ಎಂದರ್ಥ. ಲಿವರ್ ಮೆತ್ತಗಾಗಿ ಹ್ಯಾಂಡಲಿಗೇ ತಾಗಿದರೆ ಅದು ಬ್ರೇಕ್ ಆಯಿಲ್ ಕುದಿದದ್ದು. ಡಾಟ್-4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಕನಿಷ್ಠ ಮಿತಿ 155ಕ್ಕೆ ಇಳಿಯುತ್ತದೆ. ಮಲೆನಾಡಿನ ತೇವದಲ್ಲಿ ಎರಡು ವರ್ಷಕ್ಕೊಮ್ಮೆಯಾದರೂ ಅದನ್ನು ಬದಲಿಸದೆ ಬರೀ ಪ್ಯಾಡಿಗೆ ದುಡ್ಡು ಸುರಿದರೆ ಪ್ರಯೋಜನವಿಲ್ಲ.

ಉಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು. ಮುಂದಿನ ಬ್ರೇಕು ಹಿಡಿದರೆ ಪಲ್ಟಿ: ಗಾಡಿಯನ್ನು ನಿಲ್ಲಿಸುವ ಶಕ್ತಿಯಲ್ಲಿ ಹೆಚ್ಚಿನ ಪಾಲು ಮುಂದಿನದೇ, ಹಂತಹಂತವಾಗಿ ಒತ್ತಲು ಕಲಿಯಿರಿ. ನ್ಯೂಟ್ರಲ್ಲಿನಲ್ಲಿ ಘಾಟಿ ಇಳಿದರೆ ಪೆಟ್ರೋಲ್ ಉಳಿತಾಯ: 2020ರಲ್ಲಿ ಬಿಎಸ್-6 ಬಂದ ಮೇಲಿನ ಇಂಜೆಕ್ಷನ್ ಬೈಕುಗಳಲ್ಲಿ ಗೇರಿನಲ್ಲಿದ್ದು ಆಕ್ಸಲರೇಟರ್ ಬಿಟ್ಟಾಗ ಪೆಟ್ರೋಲ್ ಹೋಗುವುದೇ ಬಹುಪಾಲು ನಿಲ್ಲುತ್ತದೆ, ನ್ಯೂಟ್ರಲ್ಲಿನಲ್ಲೇ ಸುಡುವುದು ಹೆಚ್ಚು. ಎಣ್ಣೆ ತಾಗಿದ ಪ್ಯಾಡನ್ನು ಉಪ್ಪುಕಾಗದದಲ್ಲಿ ಉಜ್ಜಿದರೆ ಸರಿಹೋಗುತ್ತದೆ: ಇಲ್ಲ, ಬಿಸಾಡಿ.

ಇದೆಲ್ಲ ಗುಟ್ಟಿನ ವಿದ್ಯೆಯಲ್ಲ. ಕೈಪಿಡಿ ಸೀಟಿನ ಕೆಳಗಿದೆ, ಅಂಕಿ ಡಿಸ್ಕಿನ ಮೇಲಿದೆ. ಆದರೂ ಲಕ್ಷಗಟ್ಟಲೆ ಕೊಟ್ಟು ಬೈಕು ತಂದವರು, ಮೊಬೈಲು ಕೊಳ್ಳುವಾಗ ಹತ್ತು ಕಡೆ ಹೋಲಿಸುವವರು, ಜೀವ ನಿಲ್ಲಿಸಿಕೊಳ್ಳುವ ಭಾಗವನ್ನು ಮಾತ್ರ ಯಾರೋ ಹೇಳಿದರು ಎಂದು ಆರಿಸುತ್ತಾರೆ. ಹೇಳಿದವನೂ ಇನ್ಯಾರಿಂದಲೋ ಕೇಳಿದವನು. ಈ ಸರಪಳಿಯಲ್ಲಿ ಒಬ್ಬನಾದರೂ ಅಳೆದು ನೋಡಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಒಂದು ಕ್ಯಾಲಿಪರಿನ ಎರಡೂ ಪ್ಯಾಡನ್ನು ಒಟ್ಟಿಗೆ, ಒಂದೇ ಬಗೆಯದನ್ನು ಹಾಕಿಸಿ. ಹಾಕಿಸಿದ ದಿನವೇ ಹುಲಿಕಲ್ಲಿಗೋ ಕೆಮ್ಮಣ್ಣುಗುಂಡಿಗೋ ಹೊರಡಬೇಡಿ. ಖಾಲಿ ಸಮತಟ್ಟು ರಸ್ತೆಯಲ್ಲಿ ಹದವಾದ ವೇಗದಿಂದ ಮತ್ತೆ ಮತ್ತೆ ನಿಧಾನಿಸಿ, ನಡುನಡುವೆ ತಣಿಯಲು ಬಿಡಿ. ಮೊದಲ ಕೆಲವು ನೂರು ಕಿಲೋಮೀಟರ್ ಪ್ಯಾಡು ಡಿಸ್ಕಿಗೆ ಪೂರ್ತಿ ಕೂತಿರುವುದಿಲ್ಲ. ಅಲ್ಲಿಯವರೆಗೆ ಮುಂದಿನ ವಾಹನದಿಂದ ಇನ್ನಷ್ಟು ದೂರವಿರಲಿ.