ಜಾರ್ಜ್ ಫರ್ನಾಂಡಿಸ್: ಒಂದು ಜಮಾ-ಖರ್ಚು

ಕಾಮರ್ಸ್ ಓದುವವನಿಗೆ ರಾಜಕಾರಣಿಯ ಉಸಾಬರಿ ಯಾಕೆ ಎಂದು ಗೆಳೆಯರು ಕೇಳಿಯಾರು. ಕಾರಣ ನಮ್ಮ ಮನೆಯಲ್ಲೇ ಇದೆ. ನಮ್ಮಜ್ಜ ಹನ್ನೆರಡನೇ ವಯಸ್ಸಿಗೆ ಊರು ಬಿಟ್ಟು ಮುಂಬಯಿಗೆ ಬಂದು, ಫೋರ್ಟಿನ ಹೋಟೆಲೊಂದರಲ್ಲಿ ಕಪ್ಪು-ಬಸಿ ತೊಳೆದು, ರಾತ್ರಿಶಾಲೆಯಲ್ಲಿ ಕನ್ನಡ ಕಲಿತವರು. ಅವರು ಹಾಕಿದ ಮೊದಲ ಓಟು 1967ರಲ್ಲಿ ಜಾರ್ಜ್ ಫರ್ನಾಂಡಿಸರಿಗೆ. ಅಪ್ಪನ ಮುಂದೆ ಆ ಹೆಸರೆತ್ತಿದರೆ, "ಅಂಥ ರಕ್ಷಣಾ ಮಂತ್ರಿ ಇನ್ನು ಹುಟ್ಟಲಿಕ್ಕಿಲ್ಲ" ಅನ್ನುತ್ತಾರೆ. ಅಜ್ಜನ ಮುಂದೆ ಎತ್ತಿದರೆ, "ಅಂವ 79ರಲ್ಲೇ ಕೆಟ್ಟ, ಸುಮ್ಮನಿರು ಮಾರಾಯ" ಎಂಬ ಉತ್ತರ. ಹಾಗಾದರೆ ನಿಜ ಯಾವುದು? ನಾನೇ ಲೆಕ್ಕ ತೆಗೆಯಲು ಕುಳಿತೆ.

ಮೊದಲು ಜಮೆಯ ಕಡೆ ನೋಡೋಣ. ಜಾರ್ಜ್ ಹುಟ್ಟಿದ್ದು ಮಂಗಳೂರಿನಲ್ಲಿ, 1930ರ ಜೂನ್ 3ರಂದು. ಹದಿನಾರನೇ ವಯಸ್ಸಿಗೆ ಪಾದ್ರಿಯಾಗಲೆಂದು ಬೆಂಗಳೂರಿನ ಸೆಮಿನರಿಗೆ ಹೋದರು. ಅಲ್ಲಿ ಗುರುಗಳಿಗೆ ಒಂದು ಊಟ, ವಿದ್ಯಾರ್ಥಿಗಳಿಗೆ ಇನ್ನೊಂದು ಊಟ. ಅದನ್ನು ಸಹಿಸದೆ ಹೊರಬಂದರು. 1949ರಲ್ಲಿ ಮುಂಬಯಿಗೆ ಬಂದಾಗ ಕೈಯಲ್ಲಿ ಕಾಸಿಲ್ಲ. ರಾತ್ರಿ ಚೌಪಾಟಿಯ ಬೆಂಚಿನ ಮೇಲೆ ನಿದ್ದೆ. ಪೊಲೀಸಿನವ ಬಂದು ಎಬ್ಬಿಸಿದರೆ ಎದ್ದು ಬೇರೆ ಕಡೆಗೆ ಹೋಗಬೇಕು. ಆಮೇಲೆ ಪತ್ರಿಕೆಯೊಂದರಲ್ಲಿ ಪ್ರೂಫ್ ತಿದ್ದುವ ಕೆಲಸ ಸಿಕ್ಕಿತು. ಬಂದರು ಕಾರ್ಮಿಕರ ನಾಯಕ ಪ್ಲಾಸಿಡ್ ಡಿಮೆಲ್ಲೊ ಅವರಿಂದ ಸಂಘಟನೆ ಕಲಿತರು, ರಾಮಮನೋಹರ ಲೋಹಿಯಾರಿಂದ ಸಮಾಜವಾದ ಕಲಿತರು. ಟ್ಯಾಕ್ಸಿಯವರು, ಹೋಟೆಲಿನವರು, ಮುನಿಸಿಪಾಲಿಟಿ ನೌಕರರು, ಹೀಗೆ ಯಾರ ಕೂಗನ್ನೂ ಯಾರೂ ಕೇಳದಿದ್ದ ಜನ ಅವರ ಹಿಂದೆ ನಿಂತರು.

1967ರಲ್ಲಿ ದಕ್ಷಿಣ ಮುಂಬಯಿಯಲ್ಲಿ ಕಾಂಗ್ರೆಸ್ಸಿನ ಎಸ್.ಕೆ. ಪಾಟೀಲರನ್ನು ಅವರು ಸೋಲಿಸಿದರು. ಪಾಟೀಲರೆಂದರೆ ಆಗ ನಗರದ ದೊರೆಯೇ ಸೈ. ಮರುವರ್ಷ ದುಡಿಯುವವರಿಗೆ ಸಾಲ ಸಿಗಲೆಂದು ಬಾಂಬೆ ಲೇಬರ್ ಕೋ-ಆಪರೇಟಿವ್ ಬ್ಯಾಂಕ್ ಕಟ್ಟಿದರು. ಭಾಷಣ ಮಾಡುವವರು ಬ್ಯಾಂಕನ್ನೂ ಕಟ್ಟುವುದು ಅಪರೂಪ ಅಲ್ಲವೇ?

1974ರ ಮೇ 8ರಂದು ರೈಲ್ವೆ ಮುಷ್ಕರ. ದುಡಿಮೆಯ ಗಂಟೆಗೆ ಮಿತಿ ಬೇಕು, ಬೋನಸ್ ಬೇಕು ಎಂಬ ಬೇಡಿಕೆ. ಇಪ್ಪತ್ತು ದಿನ ನಡೆದ ಮುಷ್ಕರವನ್ನು ಸರಕಾರ ಮುರಿಯಿತು; ಸಾವಿರಾರು ಜನ ಜೈಲು ಸೇರಿದರು. ಮುಂದಿನ ವರ್ಷ ತುರ್ತುಪರಿಸ್ಥಿತಿ. ಜಾರ್ಜ್ ಭೂಗತರಾದರು. ಅವರು ಸಿಗಲಿಲ್ಲವೆಂದು ತಮ್ಮ ಲಾರೆನ್ಸರನ್ನು ಬೆಂಗಳೂರಿನಲ್ಲಿ ಹಿಡಿದು ಹಿಂಸಿಸಿದರು. 'ಸಂಸ್ಕಾರ' ಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರನ್ನೂ ಜಾರ್ಜರ ಸಂಪರ್ಕದ ಕಾರಣಕ್ಕೆ ಬಂಧಿಸಿದರು. ಆಸ್ತಮಾದಿಂದ ನರಳಿದ ಆಕೆ ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. 1976ರ ಜೂನ್‌ನಲ್ಲಿ ಕಲ್ಕತ್ತೆಯಲ್ಲಿ ಸಿಕ್ಕಿಬಿದ್ದ ಜಾರ್ಜ್ ಮೇಲೆ ಬರೋಡಾ ಡೈನಮೈಟ್ ಮೊಕದ್ದಮೆ ಹೂಡಲಾಯಿತು. 1977ರಲ್ಲಿ ಅವರು ಜೈಲಿನೊಳಗಿಂದಲೇ ಬಿಹಾರದ ಮುಜಫ್ಫರಪುರದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು.

ಜನತಾ ಸರಕಾರದಲ್ಲಿ ಅವರು ಕೈಗಾರಿಕಾ ಮಂತ್ರಿಯಾದರು. 1973ರ 'ಫೆರಾ' ಕಾಯಿದೆಯ ಪ್ರಕಾರ ವಿದೇಶಿ ಕಂಪೆನಿಗಳ ಪಾಲು ಸಾಮಾನ್ಯವಾಗಿ ಶೇಕಡಾ 40ನ್ನು ಮೀರಬಾರದು. ಜಾರ್ಜ್ ಪಟ್ಟು ಹಿಡಿದರು. ಕೋಕಾ-ಕೋಲಾ 1977ರಲ್ಲಿ, ಐಬಿಎಂ 1978ರಲ್ಲಿ ದೇಶ ಬಿಟ್ಟವು. ಇದು ಲಾಭವೋ ನಷ್ಟವೋ? ನಮ್ಮ ಕ್ಲಾಸಿನಲ್ಲಿ ಈ ಚರ್ಚೆ ಎದ್ದರೆ ಗಂಟೆ ಹೊಡೆದರೂ ಮುಗಿಯುವುದಿಲ್ಲ.

ಇನ್ನು ಖರ್ಚಿನ ಕಡೆ. 1979ರ ಜುಲೈಯಲ್ಲಿ ಲೋಕಸಭೆಯಲ್ಲಿ ಮೊರಾರ್ಜಿ ಸರಕಾರದ ಪರವಾಗಿ ಆವೇಶದಿಂದ ಮಾತಾಡಿದ ಜಾರ್ಜ್, ಕೆಲವೇ ದಿನಗಳಲ್ಲಿ ರಾಜೀನಾಮೆ ಕೊಟ್ಟು ಚರಣ್‌ಸಿಂಗರ ಕಡೆ ಸೇರಿದರು. ಅಜ್ಜನ ಸಿಟ್ಟು ಶುರುವಾದದ್ದು ಅಲ್ಲಿಂದ. 1994ರಲ್ಲಿ ಸಮತಾ ಪಕ್ಷ ಕಟ್ಟಿ, 1996ರ ಚುನಾವಣೆಗೆ ಬಿಜೆಪಿಯ ಜತೆಗೂಡಿದಾಗ ಹಳೇ ಸಂಗಾತಿಗಳೂ ದೂರವಾದರು. ಲೋಹಿಯಾರ ಶಿಷ್ಯ ಇಲ್ಲಿಗೆ ಬಂದರೇ ಎಂದು ಕೇಳಿದವರು ಬಹಳ. ವಾಜಪೇಯಿ ಸರಕಾರದಲ್ಲಿ ರಕ್ಷಣಾ ಮಂತ್ರಿಯಾಗಿ ಪೋಖರಣ್ ಅಣು ಪರೀಕ್ಷೆ, ಕಾರ್ಗಿಲ್ ಯುದ್ಧ ಕಂಡರು. ಸಿಯಾಚಿನ್‌ನ ಹಿಮದಲ್ಲಿರುವ ಜವಾನರನ್ನು ಮತ್ತೆ ಮತ್ತೆ ಹೋಗಿ ಮಾತಾಡಿಸಿದರು. ಅಪ್ಪ ಹೊಗಳುವುದು ಇದನ್ನೇ. 2001ರಲ್ಲಿ ತೆಹಲ್ಕಾ ಪ್ರಕರಣದಿಂದಾಗಿ ರಾಜೀನಾಮೆ ಕೊಟ್ಟವರು ಅದೇ ವರ್ಷ ಮಂತ್ರಿಯಾಗಿ ಮರಳಿದರು. ಕೊನೆಗೆ ನೆನಪೇ ಅಳಿಸಿಹೋಗುವ ಕಾಯಿಲೆ. 2019ರ ಜನವರಿ 29ರಂದು ದಿಲ್ಲಿಯಲ್ಲಿ ತೀರಿಕೊಂಡರು.

ಒಂದು ಬಾಬತ್ತನ್ನು ಬೇಕೆಂದೇ ಕೊನೆಗೆ ಇಟ್ಟಿದ್ದೇನೆ. ದೇಶದ ರೈಲುಗಳನ್ನು ನಿಲ್ಲಿಸಿದ ಇದೇ ಮನುಷ್ಯ 1989ರ ಡಿಸೆಂಬರ್‌ನಲ್ಲಿ ರೈಲ್ವೆ ಮಂತ್ರಿಯಾದರು. ಆ ಖಾತೆ ಅವರ ಕೈಯಲ್ಲಿದ್ದದ್ದು ಒಂದು ವರ್ಷವೂ ಅಲ್ಲ. ಅಷ್ಟರಲ್ಲೇ, 1990ರ ಜುಲೈಯಲ್ಲಿ, ಕೊಂಕಣ ರೈಲ್ವೆ ನಿಗಮ ಸ್ಥಾಪನೆಯಾಯಿತು, ಇ. ಶ್ರೀಧರನ್ ಅದರ ಮುಖ್ಯಸ್ಥರಾದರು. 1998ರಲ್ಲಿ ರೋಹಾದಿಂದ ಮಂಗಳೂರಿನವರೆಗೆ ಹಳಿ ಪೂರ್ತಿಯಾಯಿತು. ಅದಕ್ಕೂ ಮೊದಲು ಊರಿಗೆ ಹೋಗುವುದೆಂದರೆ ಘಾಟಿಗಳಲ್ಲಿ ಬಸ್ಸಿನ ಕುಲುಕಾಟ.

ಕಳೆದ ರಜೆಯಲ್ಲಿ ಅಜ್ಜನನ್ನು ಕರೆದುಕೊಂಡು ಊರಿಗೆ ಹೋದೆ. ಬೆಳಿಗ್ಗೆ ಶರಾವತಿ ಸೇತುವೆಯ ಮೇಲೆ ರೈಲು ಹೋಗುವಾಗ ಅಜ್ಜ ಕಿಟಕಿಗೆ ಮುಖ ಒತ್ತಿ ಕೂತಿದ್ದರು. "ಈ ರೈಲು ಮಾಡಿಸಿದ್ದು ಯಾರು ಗೊತ್ತುಂಟಾ ಅಜ್ಜ?" ಎಂದು ಕೆಣಕಿದೆ.

"ಗೊತ್ತುಂಟು ಮಾರಾಯ, ಅಂವನೇ. ಇಷ್ಟು ಮಾಡುವ ಶಕ್ತಿ ಇದ್ದವ ಹಾಗೆ ಮಾಡಿದನಲ್ಲ ಅಂತ ತಾನೇ ಸಿಟ್ಟು" ಎಂದರು ಅಜ್ಜ.

ನನ್ನ ತಾಳೆಪಟ್ಟಿ ಇನ್ನೂ ತಾಳೆಯಾಗಿಲ್ಲ. ಗೆಳೆಯರೇ, ನಿಮ್ಮ ಮನೆಯ ಹಿರಿಯರನ್ನೂ ಒಮ್ಮೆ ಕೇಳಿ ನೋಡಿ.