ಕಾಡಿನೊಳಗೆ ಒಂದು ನೀಲಿ ಚುಕ್ಕೆ

ಕಳೆದ ಅಕ್ಟೋಬರಿನ ಒಂದು ಮಧ್ಯಾಹ್ನ ಒಂದೂವರೆ ಗಂಟೆಗೆ ಅಪ್ಪನ ಕರೆ ಬಂತು. "ಪುಟ್ಟಿ, ಗಾಬರಿ ಆಗ್ಬೇಡ. ದಾರಿ ತಪ್ಪಿದೀನಿ ಅಂತ ಕಾಣುತ್ತೆ. ಸುತ್ತ ಬರೀ ಪೈನ್ ಮರ."

ಹಾಸನದಿಂದ ಬಂದು ಮೂರು ವಾರವಾಗಿದ್ದ ಅಪ್ಪನಿಗೆ ಎಪ್ಪತ್ತೊಂಬತ್ತು ವರ್ಷ. ಎರ್ಲಾಂಗೆನ್ನಿನ ದಕ್ಷಿಣದ ಅಂಚಿನಲ್ಲಿರುವ ಟೆನ್ನೆನ್‌ಲೋಹೆಯಲ್ಲಿ ನಮ್ಮ ಮನೆ. ಸಮೀಪದ ಕಾಡು ಹಿಂದೆ ಸೈನಿಕರ ತಾಲೀಮಿನ ನೆಲವಾಗಿತ್ತು. ಈಗ ಸಂರಕ್ಷಿತ ಪ್ರದೇಶ. ಅಲ್ಲಿನ ಪ್ರಜೆವಾಲ್ಸ್ಕಿ ಕಾಡುಕುದುರೆಗಳನ್ನು ನೋಡಲು ಅಪ್ಪ ಒಬ್ಬರೇ ಹೋಗಿದ್ದರು. ಮಣ್ಣಿನಲ್ಲಿ ಹಳೆಯ ಮದ್ದುಗುಂಡುಗಳು ಉಳಿದಿರುವುದರಿಂದ ಅಲ್ಲಿ ಹಾದಿ ಬಿಟ್ಟು ಇಳಿಯುವಂತಿಲ್ಲ.

ವೈದ್ಯೆಯಾದ ನನಗೆ ಅದಕ್ಕಿಂತ ದೊಡ್ಡ ಭಯವೊಂದಿತ್ತು. ಅಪ್ಪ ಬೆಳಗ್ಗೆ ಮಧುಮೇಹದ ಗ್ಲಿಮೆಪಿರೈಡ್ ಮಾತ್ರೆ ನುಂಗಿದ್ದರು. ಊಟದ ಹೊತ್ತು ಮೀರಿತ್ತು. ಇಂಥ ಸ್ಥಿತಿಯಲ್ಲಿ ನಡೆಯುತ್ತಲೇ ಇದ್ದರೆ ರಕ್ತದ ಸಕ್ಕರೆ ಇಳಿಯಬಹುದು. ಮೊದಲು ಬೆವರು, ನಡುಕ. ಆಮೇಲೆ ಬುದ್ಧಿಯೇ ಮಂಕಾಗುತ್ತದೆ. ಆಗ ತಾನೆಲ್ಲಿದ್ದೇನೆಂದು ಹೇಳುವ ಶಕ್ತಿಯೂ ಉಳಿಯುವುದಿಲ್ಲ.

"ಅಪ್ಪ, ಜೇಬಲ್ಲಿರೋ ಕಲ್ಲುಸಕ್ಕರೆ ಈಗಲೇ ತಿನ್ನಿ. ಬೆವರು ಬರ್ತಿದ್ಯಾ?"

"ಇಲ್ಲಮ್ಮ."

ಬೆವರು ಬಂದಿದ್ದರೆ ಆ ಕ್ಷಣವೇ 112ಕ್ಕೆ ಕರೆ ಮಾಡುತ್ತಿದ್ದೆ.

ಬ್ಯಾಟರಿ ಉಳಿಯಲೆಂದು ಅಪ್ಪ ಫೋನಿನ ಲೊಕೇಶನ್ ಆರಿಸಿಟ್ಟಿದ್ದರು. ಸಿಮ್ಮಿನಲ್ಲಿ ಮಾತಿಗೆ ಹಣವಿತ್ತು, ಡೇಟಾ ಮುಗಿದಿತ್ತು. ಹಾಗಾಗಿ ವಾಟ್ಸ್‌ಆ್ಯಪ್‌ನಲ್ಲಿ ಸ್ಥಳ ಕಳಿಸುವಂತಿರಲಿಲ್ಲ. ಲೊಕೇಶನ್ ಹಾಕಿ, ನಕ್ಷೆ ತೆರೆಯಿರಿ ಎಂದೆ. "ಇಂಟರ್ನೆಟ್ ಇಲ್ದೆ ಜಿಪಿಎಸ್ ಎಲ್ಲಿಂದ ಬರುತ್ತೆ?" ಎಂದರು.

ಅನೇಕರು ಹೀಗೆಯೇ ತಿಳಿದಿದ್ದಾರೆ. ಜಿಪಿಎಸ್‌ಗೆ ಬೇಕಾದದ್ದು ಆಕಾಶ, ಇಂಟರ್ನೆಟ್ ಅಲ್ಲ. ಸುಮಾರು 20,000 ಕಿಲೋಮೀಟರ್ ಎತ್ತರದ ಉಪಗ್ರಹಗಳು ಸಮಯದ ಸಂಕೇತಗಳನ್ನು ಕಳಿಸುತ್ತಲೇ ಇರುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ದಕ್ಕಿದರೆ ಫೋನು ತನ್ನ ಸ್ಥಾನವನ್ನು ತಾನೇ ಲೆಕ್ಕ ಹಾಕುತ್ತದೆ. ಡೇಟಾ ಇದ್ದರೆ ಉಪಗ್ರಹಗಳ ಕಕ್ಷೆಯ ವಿವರ ಕ್ಷಣದಲ್ಲಿ ಇಳಿಯುತ್ತದೆ. ಇಲ್ಲದಿದ್ದರೆ ಅದನ್ನು ಉಪಗ್ರಹದಿಂದಲೇ, ಸೆಕೆಂಡಿಗೆ ಕೇವಲ 50 ಬಿಟ್‌ಗಳ ವೇಗದಲ್ಲಿ ಪಡೆಯಬೇಕು. ಕೆಲವು ನಿಮಿಷಗಳೇ ಬೇಕಾಗಬಹುದು. ಸಂಕೇತ ಬಲು ಕ್ಷೀಣವಾದ್ದರಿಂದ ದಟ್ಟ ಮರಗಳೂ ದಪ್ಪ ಗೋಡೆಗಳೂ ಅದನ್ನು ತಡೆಯುತ್ತವೆ.

"ಹಾದಿ ಬಿಡದೆ, ಆಕಾಶ ಕಾಣೋ ಕಡೆ ಬಂದು ಅಲ್ಲಾಡದೆ ನಿಲ್ಲಿ" ಎಂದೆ. ಮೂರು ನಿಮಿಷ ಕಳೆಯಿತು. "ನಕ್ಷೆ ಖಾಲಿ, ಆದ್ರೆ ಒಂದು ನೀಲಿ ಚುಕ್ಕೆ ಬಂತು." ಅದರ ಮೇಲೆ ಬೆರಳನ್ನು ಒತ್ತಿ ಹಿಡಿಯಲು ಹೇಳಿದೆ. ನಿವೃತ್ತ ಗಣಿತ ಮೇಷ್ಟರಾದ ಅಪ್ಪ ಅಕ್ಷಾಂಶ, ರೇಖಾಂಶಗಳನ್ನು ಒಂದೊಂದೇ ಅಂಕಿಯಾಗಿ ಓದಿದರು: ನಲವತ್ತೊಂಬತ್ತು ಪಾಯಿಂಟ್ ಐದು ಐದು... ಹನ್ನೊಂದು ಪಾಯಿಂಟ್ ಸೊನ್ನೆ ಐದು... ನನ್ನ ಫೋನಿನಲ್ಲಿ ಅವನ್ನು ಹಾಕಿದಾಗ ಅವರಿದ್ದ ತಿರುವು ಕಾಣಿಸಿತು. ಊಟದ ಡಬ್ಬಿ ಹಿಡಿದು ಸೈಕಲ್ ಹತ್ತಿದೆ. ಅಪ್ಪ ನಿಂತಲ್ಲೇ ನಿಂತಿದ್ದರು.

ಜರ್ಮನಿಯಲ್ಲಿ 112ಕ್ಕೆ ಕರೆ ಮಾಡಿದಾಗ ಫೋನು ತಾನೇ ತನ್ನ ಸ್ಥಾನವನ್ನು ನಿಯಂತ್ರಣ ಕೊಠಡಿಗೆ ತಿಳಿಸುವ ವ್ಯವಸ್ಥೆ 2019ರಿಂದ ಇದೆ. ತುರ್ತು ಕರೆಗೆ ಯುರೋಪಿನ ಗೆಲಿಲಿಯೊ ಉಪಗ್ರಹಗಳ ನೆರವು ಪಡೆಯುವ ಸೌಲಭ್ಯವು, 2022ರ ಮಾರ್ಚ್ 17ರಿಂದ ಐರೋಪ್ಯ ಒಕ್ಕೂಟದ ಮಾರುಕಟ್ಟೆಗೆ ಬರುವ ಸ್ಮಾರ್ಟ್‌ಫೋನುಗಳಲ್ಲಿ ಕಡ್ಡಾಯ. ಊರಿನಿಂದ ತಂದ ಫೋನಿಗೆ ಆ ನಿಯಮ ಅನ್ವಯಿಸದು. ಅದನ್ನೇ ನಂಬಿ ಕೂರಬೇಡಿ. ನಮ್ಮ ನಾವಿಕ್ ಉಪಗ್ರಹಗಳ ಮೇಲೆ ಅಪ್ಪನ ಊರಾದ ಹಾಸನದ ಕೇಂದ್ರವೇ ನಿಗಾ ಇಡುತ್ತದೆ. ಆದರೆ ನಾವಿಕ್ ಸೇವೆ ಭಾರತಕ್ಕೂ ಅದರ ಸುತ್ತಲಿನ ಸುಮಾರು 1,500 ಕಿಲೋಮೀಟರಿಗೂ ಮೀಸಲು. ಇಲ್ಲಿ ನೆರವಾಗುವುದು ಜಿಪಿಎಸ್, ಗೆಲಿಲಿಯೊಗಳೇ.

ಓದಲು ಬರುವ ಮಕ್ಕಳಿಗೂ ಮಕ್ಕಳ ಮನೆಗೆ ಬರುವ ಹಿರಿಯರಿಗೂ ನನ್ನ ಸಲಹೆ ಇಷ್ಟೆ. ಹೊರಡುವ ಮುನ್ನವೇ, ತಲುಪಲಿರುವ ಊರಿನ ನಕ್ಷೆಯನ್ನು ಫೋನಿಗೆ ಇಳಿಸಿಕೊಳ್ಳಿ. ಲೊಕೇಶನ್ ಆರಿಸಬೇಡಿ, ನಕ್ಷೆಯ ಆ್ಯಪ್‌ಗೆ ನಿಖರ ಸ್ಥಾನದ ಅನುಮತಿ ಕೊಡಿ. ಅಂಕಿಗಳನ್ನು ಓದಿ ಹೇಳುವುದನ್ನು ಮನೆಯ ಅಂಗಳದಲ್ಲೇ ಒಮ್ಮೆ ಅಭ್ಯಾಸ ಮಾಡಿ. ಇಲ್ಲಿನ ಕಾಡುಗಳಲ್ಲಿ ಬಿಳಿ ಶಿಲುಬೆಯ ಹಸಿರು ಫಲಕ ಕಂಡರೆ ಅದರ ಸಂಖ್ಯೆಯನ್ನು 112ಕ್ಕೆ ಹೇಳಿದರೂ ಸಾಕು, ರಕ್ಷಣಾ ತಂಡಕ್ಕೆ ಸ್ಥಳ ತಿಳಿಯುತ್ತದೆ. ಮಧುಮೇಹಿಗಳು ಜೇಬಿನಲ್ಲಿ ಸಕ್ಕರೆ ಮರೆಯಬಾರದು.

ಮರುದಿನ ಅಪ್ಪ ಮತ್ತೆ ಕುದುರೆ ನೋಡಲು ಹೊರಟರು. ಬಾಗಿಲಲ್ಲಿ ನಿಂತು ಫೋನು ತೆಗೆದು, ನಮ್ಮ ಮನೆಯ ಅಕ್ಷಾಂಶ, ರೇಖಾಂಶಗಳನ್ನು ನನಗೆ ಒಪ್ಪಿಸಿದ ಮೇಲೆಯೇ ಮೆಟ್ಟಿಲಿಳಿದರು.