ಕೋಠಿಯ ಪಾಮರ್ ಸಾಹೇಬನೂ ಸಿಂಗಪುರದ ಪರವಾನಗಿಯೂ

ಹೈದರಾಬಾದಿನ ಕೋಠಿಯಲ್ಲಿ ಹಳೆಯ ಎಂಜಿನಿಯರಿಂಗ್ ಪುಸ್ತಕಗಳನ್ನು ಬೀದಿಯಂಚಿನವರೆಗೂ ಒಟ್ಟಿಕೊಂಡ ಅಂಗಡಿಗಳ ಮುಂದೆ ನಿಂತು, ಹಿಂದಿನವನ ಹೆಸರಿನ ಮೇಲೆ ಶಾಯಿ ಬಳಿದಿರುವ ‘ಡೇಟಾ ಸ್ಟ್ರಕ್ಚರ್ಸ್’ ಗ್ರಂಥಕ್ಕೆ ಚೌಕಾಸಿ ಮಾಡುವ ತರುಣರಲ್ಲಿ ರಾಯಚೂರು, ಬೀದರ ಸೀಮೆಯ ಕನ್ನಡಿಗರೂ ಉಂಟು. ಅವರ ಮನೋರಥವು ಬೆಂಗಳೂರಿನಲ್ಲಿ ನಿಲ್ಲದೆ ಸಿಂಗಪುರ, ದುಬೈಗಳವರೆಗೆ ಧಾವಿಸುತ್ತದೆ. ವಿದ್ಯೆಯೊಂದಿದ್ದರೆ ಏಷ್ಯಾಖಂಡವೆಲ್ಲ ತನ್ನದೆಂಬ ಅವರ ವಿಶ್ವಾಸವನ್ನು ಒರೆಗೆ ಹಚ್ಚಲು ಇದೇ ಕೋಠಿಯ ಒಂದು ಪುರಾತನ ವೃತ್ತಾಂತವು ಸಾಕು.

ಈಗ ಮಹಿಳಾ ವಿದ್ಯಾಲಯಕ್ಕೆ ಆಶ್ರಯವಿತ್ತಿರುವ ಭವ್ಯ ರೆಸಿಡೆನ್ಸಿಯನ್ನು ನಿಜಾಮನ ಬಳಿಯಿದ್ದ ಇಂಗ್ಲಿಷರ ಪ್ರತಿನಿಧಿ (ರೆಸಿಡೆಂಟ್) ಜೇಮ್ಸ್ ಅಕಿಲಿಸ್ ಕರ್ಕ್‌ಪ್ಯಾಟ್ರಿಕ್ ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಕಟ್ಟಿಸಿದನು. ಅದರ ಸುತ್ತಣ ಪೇಟೆಯಲ್ಲಿ ನಿಜಾಮನ ಅಧಿಕಾರ ನಡೆಯದೆ ಇಂಗ್ಲಿಷರ ಕಟ್ಟಳೆಯೇ ನಡೆಯುತ್ತಿದ್ದುದರಿಂದ, ಸಾಹುಕಾರರು ತಮ್ಮ ಹಣಕ್ಕೆ ಅಲ್ಲಿ ನೆಮ್ಮದಿಯನ್ನು ಕಂಡರು. 1933ರಲ್ಲಿ ನಿಜಾಮನಿಗೆ ಹಿಂದಿರುಗಿದ ಆ ಪೇಟೆಯೇ ಇಂದಿನ ಸುಲ್ತಾನ್ ಬಜಾರ್.

ಈ ನೆರಳಿನಲ್ಲಿ ವಿಲಿಯಂ ಪಾಮರನು ಲೇವಾದೇವಿ ಸಂಸ್ಥೆಯೊಂದನ್ನು ಹೂಡಿದನು. ತಂದೆ ಇಂಗ್ಲಿಷ್ ಸೇನಾನಿ, ತಾಯಿ ಫೈಜ್ ಬಕ್ಷ್ ಬೇಗಂ; ಇಂಗ್ಲೆಂಡಿನಲ್ಲಿ ಓದಿ, ನಿಜಾಮನ ಸೈನ್ಯದಲ್ಲಿ ದುಡಿದು, ದರ್ಬಾರಿನ ರೀತಿನೀತಿಗಳನ್ನೂ ಲೆಕ್ಕದ ಪುಸ್ತಕವನ್ನೂ ಸಮಾನವಾಗಿ ಬಲ್ಲವನಾಗಿದ್ದ ಈತನೊಡನೆ ಗುಜರಾತಿ ಸಾಹುಕಾರ ಬಂಕಟಿ ದಾಸನೂ ಪಾಲುಗೊಂಡಿದ್ದನು. ಮಲಸಹೋದರ ಜಾನ್ ಪಾಮರನ ವ್ಯಾಪಾರದ ಕೋಠಿ ಕಲ್ಕತ್ತೆಯಲ್ಲಿ ಮೆರೆಯುತ್ತಿತ್ತು. ಇಂಥ ಬಂಧುಬಳಗವೂ ಬಹುಭಾಷಾಪರಿಚಯವೂ ಇಂದಿನ ಯಾವ ವ್ಯವಸ್ಥಾಪಕನಿಗಾದರೂ ಅಸೂಯೆ ಹುಟ್ಟಿಸಬಲ್ಲವು.

ಆದರೆ ದೇಶೀಯ ಅರಸರಿಗೆ ಬ್ರಿಟಿಷ್ ಪ್ರಜೆಗಳು ಸಾಲ ಕೊಡಕೂಡದೆಂದು 1797ರ ಶಾಸನವು ವಿಧಿಸಿದ್ದಿತು. ಪಾಮರನ ಸಂಸ್ಥೆಗೆ 1816ರಲ್ಲಿ ವಿನಾಯಿತಿ ದೊರೆತದ್ದು ಗವರ್ನರ್ ಜನರಲ್ ಲಾರ್ಡ್ ಹೇಸ್ಟಿಂಗ್ಸನ ಕೃಪೆಯಿಂದ. ಪಾಲುದಾರ ರಂಬೋಲ್ಡನ ಪತ್ನಿಯು ಆ ಲಾರ್ಡನ ಪೋಷಣೆಯಲ್ಲಿ ಬೆಳೆದವಳಾಗಿದ್ದಳೆಂಬುದನ್ನು ಚರಿತ್ರಕಾರರು ಮರೆಯುವುದಿಲ್ಲ, ನಾವೂ ಮರೆಯಬೇಕಾಗಿಲ್ಲ. 1820ರಲ್ಲಿ ಮೆಟ್‌ಕಾಫ್ ರೆಸಿಡೆಂಟನಾಗಿ ಬಂದು, ನಿಜಾಮನ ಬೊಕ್ಕಸವನ್ನು ಹೀರುತ್ತಿದ್ದ ಬಡ್ಡಿಯನ್ನು ಕಂಡು ಕನಲಿದನು. ಉತ್ತರ ಸರ್ಕಾರ್ ಪ್ರಾಂತಗಳಿಗಾಗಿ ಇಂಗ್ಲಿಷರಿಂದ ನಿಜಾಮನಿಗೆ ಸಲ್ಲುತ್ತಿದ್ದ ಪೇಷ್ಕಷನ್ನು (ಕಪ್ಪವನ್ನು) ಶಾಶ್ವತವಾಗಿ ಬಿಡಿಸಿ, ಅದಕ್ಕೆ ಪ್ರತಿಯಾಗಿ ಬಂದ ಹಣದಿಂದ ಸಾಲವನ್ನು ತೀರಿಸಲಾಯಿತು. ಕೊನೆಗೆ 1824ರಲ್ಲಿ ಪಾಮರನ ಸಂಸ್ಥೆಯು ದಿವಾಳಿಯಾಯಿತು. ಕಲ್ಕತ್ತೆಯ ಕೋಠಿಯೂ 1830ರಲ್ಲಿ ಮುಳುಗಿತು.

ಪಾಮರನಿಗೆ ಜಾಣ್ಮೆಯ ಕೊರತೆಯಿರಲಿಲ್ಲ. ಆದರೆ ಅವನ ನೆಲೆಗೆ ಆಧಾರವಾಗಿದ್ದ ಅಪ್ಪಣೆಯು ಪರರ ಕೈಯಲ್ಲಿತ್ತು. ಸಿಂಗಪುರದ ಉದ್ಯೋಗ ಪರವಾನಗಿಯ ಸ್ವರೂಪವೂ ಇದಕ್ಕಿಂತ ಬಹಳ ಬೇರೆಯಲ್ಲ. ಅರ್ಜಿ ಹಾಕಬೇಕಾದವನು ಉದ್ಯೋಗಿಯಲ್ಲ, ಕಂಪನಿ. 2023ರ ಸೆಪ್ಟೆಂಬರಿನಿಂದ ಜಾರಿಯಲ್ಲಿರುವ ‘ಕಂಪಾಸ್’ ಪದ್ಧತಿಯಂತೆ ತೇರ್ಗಡೆಗೆ 40 ಅಂಕಗಳು ಬೇಕು. ನಾಲ್ಕು ಮೂಲ ಮಾನದಂಡಗಳಲ್ಲಿ ಸಂಬಳ, ವಿದ್ಯಾರ್ಹತೆ ಎರಡು ಮಾತ್ರ ಅಭ್ಯರ್ಥಿಯವು. ಕಂಪನಿಯ ವೃತ್ತಿಪರ ಉದ್ಯೋಗಿಗಳಲ್ಲಿ ಅಭ್ಯರ್ಥಿಯ ದೇಶದವರ ಪಾಲೆಷ್ಟು, ಸ್ಥಳೀಯರ ಪಾಲೆಷ್ಟು ಎಂಬ ಉಳಿದೆರಡು ಕಂಪನಿಯವು. ತನ್ನ ಪಾಲಿನ ಎರಡರಲ್ಲೂ ನಿರೀಕ್ಷಿತ ಮಟ್ಟವನ್ನು ಮುಟ್ಟಿದ ಯೋಗ್ಯನಿಗೆ ದೊರೆಯುವುದು ತಲಾ 10ರಂತೆ 20 ಅಂಕ. ಆದುದರಿಂದ ಸಂದರ್ಶನದಲ್ಲಿ ಸಂಬಳವನ್ನು ಕೇಳುವ ಮೊದಲು ಆ ಕಂಪನಿಯ ಅಂಕಗಳೆಷ್ಟೆಂದು ವಿಚಾರಿಸುವುದು ಉಚಿತ. ಪಾಮರನು ಲಾರ್ಡನ ಮುಖಭಾವವನ್ನು ನೋಡಿ ಊಹಿಸಬೇಕಾಗಿದ್ದುದನ್ನು ಈ ತರುಣರು ಸಿಂಗಪುರ ಸರ್ಕಾರವೇ ಪ್ರಕಟಿಸಿದ ಕೋಷ್ಟಕದಲ್ಲಿ ಓದಿಕೊಳ್ಳಬಹುದು.